ಪ್ರಸಾದವೂ ಪಥ್ಯವೂ



ಜಾತ್ರೆಯ ದಾಸೋಹದ ಪಂಕ್ತಿಯಲ್ಲಿ ಗೋದಿಹುಗ್ಗಿಯನ್ನು ನೀಡುತ್ತ ಬರುವಾಗ ಒಬ್ಬನು ಕೈಯಡ್ಡ ಹಿಡಿದರೆ ನೆರೆಯವರು ಅವನನ್ನು ಓರೆಗಣ್ಣಿನಿಂದ ನೋಡುವುದುಂಟು. “ಪ್ರಸಾದವಪ್ಪಾ, ಒಂದು ತುತ್ತಾದರೂ ತೆಗೆದುಕೋ, ತುತ್ತಿನಿಂದ ಏನಾದೀತು?” ಎಂದು ಹಿರಿಯರು ಒತ್ತಾಯಪಡಿಸುವುದೂ ಉಂಟು. ಈ ಒತ್ತಾಯವು ಪ್ರೀತಿಯಿಂದಲೇ ಹುಟ್ಟಿದುದು. ಆದರೆ ಆ ಪ್ರಶ್ನೆಗೆ ಎಲ್ಲರ ಶರೀರವೂ ಒಂದೇ ಉತ್ತರವನ್ನು ಕೊಡುವುದಿಲ್ಲ.

ಆಹಾರವನ್ನು ಮಾತ್ರೆಯರಿತು ಉಣ್ಣಬೇಕೆಂದೂ, ಆ ಮಾತ್ರೆಯು ಉಣ್ಣುವವನ ಅಗ್ನಿಬಲವನ್ನು ಅವಲಂಬಿಸಿರುವುದೆಂದೂ ಚರಕಸಂಹಿತೆಯ ಸೂತ್ರಸ್ಥಾನದ 5ನೆಯ ಅಧ್ಯಾಯದಲ್ಲಿ ವಿಧಿಸಲ್ಪಟ್ಟಿದೆ. ಆದರೆ ಮಾತ್ರೆಯ ಮಾತೇ ಸಲ್ಲದಂತಹ ಒಂದು ರೋಗವುಂಟು. ಇದಕ್ಕೆ ಪಾಶ್ಚಾತ್ಯ ವೈದ್ಯರು ಸೀಲಿಯಾಕ್ ಎಂದು ಹೆಸರಿಟ್ಟಿರುವರು. ಗೋದಿ, ಜವೆಗೋದಿ ಮುಂತಾದವುಗಳಲ್ಲಿರುವ ಗ್ಲುಟೆನ್ ಎಂಬ ಅಂಟುಸತ್ತ್ವವು ಈ ರೋಗಿಗಳ ಒಡಲನ್ನು ಸೇರಲು, ಶರೀರವನ್ನು ಕಾಯತಕ್ಕ ಶಕ್ತಿಯೇ ತಿರುಗಿಬಿದ್ದು ಸಣ್ಣಕರುಳಿನ ಒಳಪದರನ್ನು ಸವೆಯಿಸುವುದು. ಉಂಡುದು ಮೈಗೆ ಹತ್ತದು. ಭೇದಿ, ಹೊಟ್ಟೆಯುಬ್ಬರ, ರಕ್ತಹೀನತೆಗಳಲ್ಲದೆ ಕೆಲವರಿಗೆ ವರ್ಷಗಟ್ಟಲೆ ಎಲುಬು ಕೀಲುಗಳ ನೋವೂ ಕಾಡುವುದು. ಮಕ್ಕಳ ಬೆಳವಣಿಗೆಯು ಕುಂದುವುದು.

ಇದರ ಕಾರಣವು ಗೊತ್ತಾದ ಬಗೆಯು ಕೇಳತಕ್ಕದ್ದಾಗಿದೆ. ಹಾಲಂಡ್ ದೇಶದ ಹೇಗ್ ಪಟ್ಟಣದಲ್ಲಿ ವಿಲ್ಲೆಮ್ ಡಿಕೆ ಎಂಬ ಮಕ್ಕಳ ವೈದ್ಯನಿದ್ದನು. ಗೋದಿಯ ಮೇಲೆ ಅವನಿಗೆ ಎರಡನೆಯ ಮಹಾಯುದ್ಧಕ್ಕೆ ಮೊದಲೇ ಸಂದೇಹವಿದ್ದಿತು. 1944-45ರ ಚಳಿಗಾಲದಲ್ಲಿ ಆ ನಾಡಿಗೆ ಘೋರ ಕ್ಷಾಮ ಬಂದು ರೊಟ್ಟಿಯೇ ದುರ್ಲಭವಾಯಿತು. ಊರೆಲ್ಲ ಹಸಿವಿನಿಂದ ಸೊರಗುತ್ತಿರಲು, ಈ ರೋಗದ ಮಕ್ಕಳು ಮಾತ್ರ ಚೇತರಿಸಿಕೊಂಡರು. ರೊಟ್ಟಿಯು ಮರಳಿ ದೊರೆತೊಡನೆ ಮೊದಲಿನಂತೆಯೇ ಹಾಸಿಗೆ ಹಿಡಿದರು. ಡಿಕೆಯು ಪಥ್ಯವನ್ನು ಕ್ರಮವಾಗಿ ಪರೀಕ್ಷಿಸಿ 1950ರಲ್ಲಿ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಇಂದಿಗೂ ಈ ರೋಗಕ್ಕೆ ಪಥ್ಯವೇ ಮುಖ್ಯ ಚಿಕಿತ್ಸೆಯಾಗಿದೆ. ದಿನಕ್ಕೆ 50 ಮಿಲಿಗ್ರಾಮ್ ಗ್ಲುಟೆನ್, ಅಂದರೆ ರೊಟ್ಟಿಯ ಒಂದು ಚೂರಿನಲ್ಲಿ ಅಡಗುವಷ್ಟು, ಮೂರು ತಿಂಗಳು ಹೊಟ್ಟೆಗೆ ಹೋದರೂ ಕರುಳು ಕೆಡುವುದೆಂದು ಪರೀಕ್ಷೆಗಳಿಂದ ಕಂಡುಬಂದಿದೆ. ಹೀಗಿರಲು ಅಂಥವನಿಗೆ “ಒಂದು ತುತ್ತು” ಎನ್ನುವುದು ಉಪಚಾರವಾಗಲಾರದು.

ನಮ್ಮ ಸೀಮೆಯ ಜೋಳ, ರಾಗಿ, ನವಣೆ, ಸಜ್ಜೆ, ಅಕ್ಕಿಗಳಲ್ಲಿ ಈ ಅಂಟುಸತ್ತ್ವವಿಲ್ಲವೆಂಬುದು ಭಾಗ್ಯವೇ ಸರಿ. ಆದರೆ ಗೋದಿಯನ್ನು ಬೀಸಿದ ಗಿರಣಿಯಲ್ಲಿ ಅದರ ಹಿಂದೆಯೇ ಜೋಳವನ್ನು ಬೀಸಿದರೆ ಆ ಹಿಟ್ಟು ಶುದ್ಧವಾಗಿರದು. ರವೆಯೂ ಶಾವಿಗೆಯೂ ಗೋದಿಯವೇ ಎಂಬುದು ಗೃಹಿಣಿಯರಿಗೆ ಗೊತ್ತು. ಅಂಗಡಿಯ ಇಂಗಿನಲ್ಲಿ ಬಹುಮಟ್ಟಿಗೆ ಮೈದಾಹಿಟ್ಟು ಬೆರೆತಿರುವುದೆಂಬುದು ಹಲವರಿಗೆ ಗೊತ್ತಿಲ್ಲ.

ಇದನ್ನು ಕೇಳಿ ಎಲ್ಲರೂ ಗೋದಿಯನ್ನು ಬಿಡಬೇಕೆಂದಲ್ಲ. ಈ ರೋಗವು ಉತ್ತರ ಹಿಂದೂಸ್ಥಾನದಲ್ಲಿ ಹೆಚ್ಚು, ದಕ್ಷಿಣದಲ್ಲಿ ವಿರಳ. ಸಂದೇಹವಿದ್ದವರು ಗೋದಿಯನ್ನು ಉಣ್ಣುತ್ತಿರುವಾಗಲೇ ರಕ್ತಪರೀಕ್ಷೆಯನ್ನು ಮಾಡಿಸಿಕೊಳ್ಳತಕ್ಕದ್ದು. ಮೊದಲೇ ಬಿಟ್ಟುಬಿಟ್ಟರೆ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣಿಸದೆ ಹೋಗಬಹುದು. ಈಗ ಅನೇಕರು ನೆರೆಮನೆಯವರು ಬಿಟ್ಟರೆಂದು ತಾವೂ ಬಿಡುತ್ತಿರುವರು. ಅದು ಪಥ್ಯವಲ್ಲ, ಅನುಕರಣೆ.

ಹಾಲಿನ ಮಾತು ಬೇರೆ. ಹಾಲಿನ ಸಕ್ಕರೆಯು ಜೀರ್ಣವಾಗದವರಿಗೆ ಹೊಟ್ಟೆ ಗುಡುಗುಟ್ಟುವುದೇ ಹೊರತು ಕರುಳು ಸವೆಯುವುದಿಲ್ಲ. ಇವರಲ್ಲಿ ಹೆಚ್ಚಿನವರಿಗೆ ಒಂದು ಲೋಟ ಹಾಲು ಸಹ್ಯವಾಗುವುದು. ಮೊಸರು ಮಜ್ಜಿಗೆಗಳು ಇನ್ನೂ ಸುಲಭ. ಇಲ್ಲಿ ಚರಕನ ಮಾತ್ರೆಯೇ ಪ್ರಮಾಣವು.

ಇನ್ನು ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಹೆಚ್ಚಿದವರು. ಉಪವಾಸದ ರಕ್ತದಲ್ಲಿ ಇದು ಡೆಸಿಲೀಟರಿಗೆ 150 ಮಿಲಿಗ್ರಾಮಿಗಿಂತ ಕಡಿಮೆಯಿರತಕ್ಕದ್ದು. ಕೊಬ್ಬೆಂಬ ಹೆಸರು ಕೇಳಿದೊಡನೆ ಇವರು ತುಪ್ಪವನ್ನು ತ್ಯಜಿಸಿ, ದಿನಕ್ಕೆ ಐದು ಸಲ ಸಿಹಿ ಚಹವನ್ನು ಕುಡಿಯುತ್ತ, ಬೆಲ್ಲವು ಸಕ್ಕರೆಯಲ್ಲವೆಂದು ನಂಬಿ ಹೋಳಿಗೆಯನ್ನು ಸೇವಿಸುವರು. ಮಿಕ್ಕ ಸಕ್ಕರೆಯನ್ನೂ ಅನ್ನದ ಪಿಷ್ಟವನ್ನೂ ಯಕೃತ್ತೇ ಈ ಕೊಬ್ಬಾಗಿ ಮಾರ್ಪಡಿಸುವುದು. ಮದ್ಯವು ಅದನ್ನು ಮತ್ತಷ್ಟು ಏರಿಸುವುದು. ಶ್ರಾವಣ ಸೋಮವಾರ ಒಪ್ಪೊತ್ತು ಮಾಡಿ, ಆ ಒಂದೇ ಹೊತ್ತಿನಲ್ಲಿ ಎರಡು ಹೊತ್ತಿನದನ್ನು ಉಣ್ಣುವವರ ಲೆಕ್ಕವು ಯಕೃತ್ತಿಗೆ ತಿಳಿಯದೆ ಇರದು. ಪ್ರಮಾಣವು 500ನ್ನು ಮೀರಿತೆಂದರೆ ಮೇದೋಜೀರಕ ಗ್ರಂಥಿಯು ಉರಿಯೂತಗೊಳ್ಳುವ ಭಯವುಂಟು. ಆಗ ತುಪ್ಪವನ್ನೂ ಮಿತಗೊಳಿಸಿ ವೈದ್ಯರ ಔಷಧವನ್ನು ತಪ್ಪದೆ ಸೇವಿಸತಕ್ಕದ್ದು.

ಮೊಣಕಾಲ ನೋವಿನ ವೃದ್ಧರು ಯಾವ ಪದಾರ್ಥವು ವಾತವೆಂದು ಕೇಳುತ್ತಿರುವರು. ಸವೆದ ಕೀಲನ್ನು ಯಾವ ಕಾಯಿಪಲ್ಲೆಯೂ ಹೊಸದಾಗಿಸದು. ಆದರೆ ಸ್ಥೂಲಕಾಯರು ಒಂದು ಕಿಲೋ ತೂಕವನ್ನು ಇಳಿಸಿದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಮೊಣಕಾಲಿನ ಮೇಲಿನ ಭಾರವು ಸುಮಾರು ನಾಲ್ಕು ಕಿಲೋಗಳಷ್ಟು ತಗ್ಗುವುದೆಂದು 2005ರಲ್ಲಿ ಅಳೆದು ತೋರಿಸಲ್ಪಟ್ಟಿದೆ. ಆದುದರಿಂದ ಅವರಿಗೆ ವಸ್ತುವಿಗಿಂತ ಪ್ರಮಾಣವೇ ಮುಖ್ಯವು.

ನೀಡಿಸಿಕೊಂಡ ಪ್ರಸಾದವನ್ನು ಎಲೆಯಲ್ಲಿ ಬಿಡಲಾಗದೆಂಬುದು ಸರ್ವರೂ ಬಲ್ಲ ನಿಯಮವು. ಆದುದರಿಂದ ನೀಡುವ ಮೊದಲೇ ಸಾಕೆನ್ನುವವನು ಆ ನಿಯಮವನ್ನು ಪಾಲಿಸಿದವನೇ ಹೊರತು ಮುರಿದವನಲ್ಲ. ಪಾಕಶಾಲೆಯ ಸೇವಕರು ಹುಗ್ಗಿಯ ಸೌಟನ್ನು ಅನ್ನದ ಪಾತ್ರೆಯಲ್ಲಿ ಅದ್ದದೆ, ಪಂಕ್ತಿಯ ಒಂದು ಕೊನೆಯಲ್ಲಿ ಇಂಗಿಲ್ಲದ ಸಾರನ್ನೂ ನವಣೆಯ ಹುಗ್ಗಿಯನ್ನೂ ಬೇರೆಯಾಗಿರಿಸಿದರೆ, ಕೈಯಡ್ಡ ಹಿಡಿದವನೂ ಎಲ್ಲರೊಡನೆ ಕುಳಿತು ಹೊಟ್ಟೆ ತುಂಬ ಉಂಡು ಏಳುವನು.