ಕೊಳವೆಗಿಂತ ಮೊದಲು ಕಾವಲು ಬೇಕು



ಒಂದು ದೇಶದ ಕಚ್ಚಾ ತೈಲವನ್ನು ಮತ್ತೊಂದು ದೇಶದ ನೆಲದ ಮೂಲಕ ಸಾಗಿಸುವ ಕೊಳವೆ ಮಾರ್ಗದ ಚರ್ಚೆ ಎದ್ದಾಗಲೆಲ್ಲ ನಾವು ಎರಡು ವಾದಗಳನ್ನು ಕೇಳುತ್ತೇವೆ. ಬಡ ದೇಶದ ಏಳಿಗೆಗೆ ತೈಲವೇ ದಾರಿ ಎನ್ನುವವರು ಕೆಲವರು. ತೈಲದ ಹಣ ಆಳುವವರ ಪಾಲಾಗುತ್ತದೆ ಎನ್ನುವವರು ಹಲವರು. ಈ ಎರಡೂ ವಾದಗಳನ್ನು ಒರೆಗೆ ಹಚ್ಚಿದ ದೇಶ ಆಫ್ರಿಕಾದ ಚಾಡ್.

ಚಾಡ್‌ಗೆ ಕಡಲಿಲ್ಲ. ದೋಬಾ ಪ್ರದೇಶದ ತೈಲವು ಹೊರಜಗತ್ತನ್ನು ತಲುಪಬೇಕಾದರೆ ನೆರೆಯ ಕ್ಯಾಮರೂನಿನ ಕ್ರಿಬಿ ಕರಾವಳಿಯವರೆಗೆ 1,070 ಕಿ.ಮೀ. ಕೊಳವೆ ಹಾಕಬೇಕಿತ್ತು. ಮೊದಲು ಉತ್ತರದಾಯಿತ್ವವುಳ್ಳ ಆಡಳಿತ ಬರಲಿ, ಆಮೇಲೆ ತೈಲ ತೆಗೆಯಿರಿ ಎಂದು ಅಲ್ಲಿನ ಜನಪರ ಸಂಘಟನೆಗಳು ಆಗ್ರಹಿಸಿದವು. ಅವರನ್ನು ಸಮಾಧಾನಪಡಿಸಲು 1999ರಲ್ಲಿ ಕಾನೂನೊಂದು ಬಂತು. ತೈಲದ ನೇರ ಆದಾಯದ ಶೇ. 10 ಭಾವೀ ಪೀಳಿಗೆಗೆ ಮೀಸಲು; ಉಳಿದುದರ ಬಹುಪಾಲು ಶಿಕ್ಷಣ, ಆರೋಗ್ಯ, ಗ್ರಾಮೀಣಾಭಿವೃದ್ಧಿಯಂತಹ ಕ್ಷೇತ್ರಗಳಿಗೆ. ಈ ಭರವಸೆಯ ಮೇಲೆ 2000ದಲ್ಲಿ ವಿಶ್ವಬ್ಯಾಂಕ್ ಯೋಜನೆಗೆ ಸಮ್ಮತಿಸಿತು. 2003ರಲ್ಲಿ ತೈಲ ಹರಿಯತೊಡಗಿತು.

ಆದರೆ ನಡೆದುದೇನು? ಕಂಪೆನಿಗಳು ಮುಂಗಡವಾಗಿ ಕೊಟ್ಟ 2.5 ಕೋಟಿ ಡಾಲರಿನ ಒಂದು ಭಾಗ ಆರಂಭದಲ್ಲೇ ಶಸ್ತ್ರಾಸ್ತ್ರ ಖರೀದಿಗೆ ಹೋಯಿತು. 2005ರ ಕೊನೆಗೆ ಅಧ್ಯಕ್ಷ ಇದ್ರಿಸ್ ದೇಬಿಯವರ ಸರಕಾರ ಕಾನೂನನ್ನೇ ತಿದ್ದಿತು. ಭಾವೀ ಪೀಳಿಗೆಯ ನಿಧಿ ರದ್ದಾಯಿತು. ಆದ್ಯತೆಯ ಪಟ್ಟಿಗೆ ಭದ್ರತೆ ಸೇರಿತು. ವಿಶ್ವಬ್ಯಾಂಕ್ ಸಾಲ ತಡೆಹಿಡಿದಾಗ, ತೈಲವನ್ನೇ ನಿಲ್ಲಿಸುವೆವೆಂದು ಚಾಡ್ ಬೆದರಿಸಿತು. 2006ರಲ್ಲಿಯೇ ರಾಜಿಯಾಯಿತು. 2008ರಲ್ಲಿ ಚಾಡ್ ಸಾಲವನ್ನು ಅವಧಿಗೆ ಮುನ್ನವೇ ತೀರಿಸಿತು, ಬ್ಯಾಂಕ್ ಹೊರನಡೆಯಿತು. ಕಾವಲುಗಾರ ಹೋದ, ಕೊಳವೆ ಉಳಿಯಿತು.

ಇದರಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ಆ ಕಾನೂನು ಕೆಟ್ಟದಾಗಿರಲಿಲ್ಲ. ಆದರೆ ಅದರ ಬಲ ಸಾಲ ಕೊಟ್ಟವರ ಕೈಯಲ್ಲಿತ್ತೇ ಹೊರತು ಚಾಡ್‌ನ ಪ್ರಜೆಗಳ ಕೈಯಲ್ಲಿರಲಿಲ್ಲ. ಸಾಲ ತೀರಿದ ದಿನ ಆ ಬಲವೂ ತೀರಿತು.

ಉಗಾಂಡದಿಂದ ತಾಂಜಾನಿಯಾದ ಕರಾವಳಿಗೆ 1,443 ಕಿ.ಮೀ. ಕೊಳವೆ ಹಾಕುವ ಯೋಜನೆಯಲ್ಲಿಯೂ ಇದೇ ಪ್ರಶ್ನೆಯಿದೆ. 2022ರಲ್ಲಿ ಯುರೋಪಿನ ಸಂಸತ್ತು ಅದರ ವಿರುದ್ಧ ನಿರ್ಣಯ ಮಾಡಿದಾಗ ಉಗಾಂಡದ ನಾಯಕರು ಸಿಡಿದೆದ್ದರು. ತೈಲ ಉರಿಸಿಯೇ ಶ್ರೀಮಂತರಾದವರು ಬಡವರಿಗೆ ಉಪದೇಶಿಸುವುದನ್ನು ನಾವೂ ಒಪ್ಪಲಾರೆವು. ಆದರೆ ಜಮೀನು ಬಿಟ್ಟುಕೊಟ್ಟ ರೈತನು ಲೆಕ್ಕ ಕೇಳಿದರೆ ಅದನ್ನು ಪರಕೀಯರ ಕುಮ್ಮಕ್ಕು ಎನ್ನಲಾದೀತೇ? ಕೇಳುವ ಹಕ್ಕು ಅವನದೇ. ಆ ಹಕ್ಕು ಕೊಳವೆ ಹೂಳುವ ಮೊದಲೇ ಅವನಿಗೆ ಸಿಗಬೇಕು. ಹೂಳಿದ ಮೇಲೆ ಅವನ ಮಾತಿಗೆ ಕಿವಿಗೊಡುವವರಿರುವುದಿಲ್ಲ.