ಸಿರಿತನವೂ ಸ್ವಾತಂತ್ರ್ಯವೂ

(ಶತಮಾನೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಣವಿದ್ದವನೇ ಸ್ವತಂತ್ರನು, ಇಲ್ಲದವನು ಪರಾಧೀನನು ಎಂಬ ಮಾತನ್ನು ನಾವು ದಿನವೂ ಕೇಳುತ್ತೇವೆ. ಸ್ವಾತಂತ್ರ್ಯವು ಆತ್ಮಕ್ಕೆ ಸೇರಿದುದು, ಹೊಟ್ಟೆಗೂ ಅದಕ್ಕೂ ಸಂಬಂಧವಿಲ್ಲವೆಂದು ಉಪದೇಶಿಸುವವರೂ ಇದ್ದಾರೆ. ಈ ಎರಡು ಮಾತುಗಳಲ್ಲಿಯೂ ಅರ್ಧ ಸತ್ಯ ಮಾತ್ರವಿದೆಯೆಂದು ನಮಗೆ ತೋರುತ್ತದೆ.

ಮೊದಲು ಹೊಟ್ಟೆಯ ವಿಷಯವನ್ನೇ ವಿಚಾರಿಸೋಣ. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ತನ್ನ 23ನೆಯ ಅನುಚ್ಛೇದದಲ್ಲಿ ಬಿಟ್ಟಿ ಬೇಗಾರಿಯನ್ನು ನಿಷೇಧಿಸಿತು. ಆದರೂ ಮದುವೆಗೋ ಔಷಧಕ್ಕೋ ಮಾಡಿದ ಅಲ್ಪ ಸಾಲಕ್ಕಾಗಿ ತಂದೆಯೂ ಅವನ ತರುವಾಯ ಮಗನೂ ಒಡೆಯನ ಮನೆಯಲ್ಲಿ ಜೀತಕ್ಕಿರುವುದು ನಿಲ್ಲಲಿಲ್ಲ. ಕೊನೆಗೆ 1976ರ ಜೀತಪದ್ಧತಿ ರದ್ದತಿ ಕಾಯಿದೆಯು ಆ ಸಾಲಗಳನ್ನೇ ಅಳಿಸಿಹಾಕಬೇಕಾಯಿತು. ಜೀತದಾಳನ್ನು ಕಟ್ಟಿಹಾಕಲು ಕಬ್ಬಿಣದ ಸರಪಳಿ ಬೇಕಿರಲಿಲ್ಲ, ಹಸಿವೇ ಸಾಕಾಗಿತ್ತು.

1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕಾಗಿ ದುಡಿದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ತತ್ತ್ವವನ್ನು ಸ್ಪಷ್ಟಪಡಿಸಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ಒಬ್ಬನು ಒಪ್ಪುವುದು ಬಡತನದ ಬಲಾತ್ಕಾರದಿಂದಲೇ. ಆದುದರಿಂದ ಅದೂ ಬಲವಂತದ ದುಡಿಮೆಯೇ ಎಂದು ಸಾರಿತು. 1891ರಲ್ಲಿಯೇ ಪೋಪ್ ಹದಿಮೂರನೆಯ ಲಿಯೋ ಅವರು ‘ರೇರುಮ್ ನೊವಾರುಮ್’ ಎಂಬ ವಿಶ್ವಪತ್ರದಲ್ಲಿ, ಗತ್ಯಂತರವಿಲ್ಲದೆ ಅಲ್ಪ ಕೂಲಿಗೆ ಒಪ್ಪಿದ ಕೆಲಸಗಾರನು ಅನ್ಯಾಯಕ್ಕೆ ಬಲಿಯಾದವನೆಂದು ಬೋಧಿಸಿದ್ದರು. ಒಪ್ಪಿಗೆಯೆಲ್ಲ ಸ್ವಾತಂತ್ರ್ಯವಲ್ಲ.

ಹಾಗಾದರೆ ಸ್ವತಂತ್ರನಾಗಲು ಸಿರಿವಂತನಾಗಬೇಕೇ? ನಮ್ಮ ನಾಡಿನ ಅನುಭವವನ್ನೇ ನೋಡಿರಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಂತೆ, ಕೆಲವು ವಿನಾಯಿತಿಗಳ ಹೊರತು ಗೇಣಿಯ ಭೂಮಿಗಳೆಲ್ಲ ಸರಕಾರಕ್ಕೆ ಸೇರಿದವು. ಗೇಣಿದಾರರು ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಿ ಒಡೆತನದ ಹಕ್ಕು ಪಡೆದರು. ಎಕರೆಯೋ ಎರಡೆಕರೆಯೋ ಗದ್ದೆಯಿಂದ ಯಾರೂ ಸಾಹುಕಾರರಾಗಲಿಲ್ಲ. ಆದರೆ ಒಕ್ಕಲೆಬ್ಬಿಸುವರೆಂಬ ಭಯ ನೀಗಿತು. ಧಣಿಯ ಮುಂದೆ ತಲೆಯೆತ್ತಿ ಮಾತನಾಡುವ ಧೈರ್ಯ ಬಂದಿತು. ಗೇಣಿಯ ಭೂಮಿಯೂ ಇಲ್ಲದಿದ್ದ ಕೂಲಿಯಾಳಿಗೆ ಆ ಗದ್ದೆ ದೊರೆಯಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಅವನಿಗೂ ಬೇಕಾದುದು ಐಶ್ವರ್ಯವಲ್ಲ. ನಾಳಿನ ಅನ್ನಕ್ಕೆ ಇನ್ನೊಬ್ಬರ ಕಾಲು ಹಿಡಿಯದಂತಹ ನೆಲೆ.

ಆ ನೆಲೆಯನ್ನು ಮೀರಿದ ಸಂಪತ್ತು ಸ್ವಾತಂತ್ರ್ಯವನ್ನು ಹೆಚ್ಚಿಸುವುದೇ? ಮಾರ್ಕನ ಶುಭಸಂದೇಶದಲ್ಲಿ ಯೇಸುಸ್ವಾಮಿಯ ಬಳಿಗೆ ಓಡಿಬಂದ ಸಿರಿವಂತನು ದುಃಖದಿಂದ ಹಿಂದಿರುಗಿದನು. ಅವನನ್ನು ಯಾರೂ ತಡೆದಿರಲಿಲ್ಲ, ಅವನ ಆಸ್ತಿಯೇ ತಡೆಯಿತು. ನಮ್ಮ ಕನ್ನಡ ನಾಡಿನಲ್ಲಿ ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ಕಥೆ ಇದಕ್ಕೆ ಪ್ರತಿಯಾಗಿ ನಿಲ್ಲುತ್ತದೆ. ಗಂಡ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆಕೆ ಅದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದಳೆಂದು ಪ್ರಸಿದ್ಧವಾಗಿದೆ. ಬಡತನವು ಆಕೆಯನ್ನು ಕುಗ್ಗಿಸಲಿಲ್ಲ, ಆಸೆಯೂ ಆಳಲಿಲ್ಲ. ಆದರೆ ಈ ಕಥೆಯನ್ನು ಹಸಿದವರಿಗೆ ಬುದ್ಧಿ ಹೇಳಲು ಉಪಯೋಗಿಸುವುದು ಅನ್ಯಾಯ. ಅದು ಉಂಡವರು ಕೇಳಬೇಕಾದ ಕಥೆ.

ಆದುದರಿಂದ ನಮ್ಮ ಅಭಿಪ್ರಾಯವಿದು: ಬಡವನು ಅನ್ಯಾಯಕ್ಕೆ ‘ಒಲ್ಲೆ’ ಎನ್ನಬಲ್ಲವನಾದಾಗ ಸ್ವತಂತ್ರನು, ಉಳ್ಳವನು ತನ್ನ ಆಸೆಗೆ ‘ಸಾಕು’ ಎನ್ನಬಲ್ಲವನಾದಾಗ ಸ್ವತಂತ್ರನು. ಎರಡನೆಯವನು ‘ಸಾಕು’ ಎನ್ನದೆ ಮೊದಲನೆಯವನಿಗೆ ‘ಒಲ್ಲೆ’ ಎನ್ನುವ ಶಕ್ತಿ ಬರುವುದು ಕಷ್ಟ.

ನೂರು ವರ್ಷಗಳ ಸಂಭ್ರಮದ ಈ ಹೊತ್ತಿನಲ್ಲಿ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳೋಣ. ನಮ್ಮ ಮನೆಗೆಲಸದಾಕೆ, ನಮ್ಮ ತೋಟದ ಆಳು, ನಮ್ಮಿಂದ ಮುಂಗಡ ಪಡೆದವನು, ಇವರಲ್ಲಿ ಯಾರಾದರೂ ಮರುದಿನದ ಗಂಜಿಗೆ ಅಂಜದೆ ನಮಗೆ ‘ಆಗದು’ ಎನ್ನಬಲ್ಲರೇ? ಎನ್ನಲಾರರಾದರೆ, ಅವರ ಸ್ವಾತಂತ್ರ್ಯದ ಒಂದು ಪಾಲು ಇನ್ನೂ ನಮ್ಮ ಪೆಟ್ಟಿಗೆಯಲ್ಲಿಯೇ ಇದೆ. ಅದನ್ನು ಅವರಿಗೆ ಹಿಂದಿರುಗಿಸುವುದು ದಾನವಲ್ಲ, ಋಣಸಂದಾಯ.