ಉಳಿಯ ದಾರಿ

ಹಾನಗಲ್ಲಿನ ತಾರಕೇಶ್ವರ ಗುಡಿಯನ್ನು ನೋಡಬಂದವರು ಅದರ ಕಮಲದ ಛತ್ತಿಗೆ ತಲೆದೂಗುತ್ತಾರೆ. ಕನ್ನಡ ಕಲಿಸುವ ನನ್ನ ಕಣ್ಣು ಮಾತ್ರ ಶಾಸನದ ಕಲ್ಲನ್ನು ಹುಡುಕುತ್ತದೆ. ಶಿಗ್ಗಾಂವಿ ತಾಲೂಕಿನ ಬಂಕಾಪುರಕ್ಕೆ ಹೋದರೂ ಇದೇ ಚಾಳಿ. ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನವು ಸುಮಾರು 1200ನೆಯ ಇಸವಿಯದು. ಎಂಟು ಶತಮಾನ ಕಳೆದರೂ ಅಕ್ಷರ ಮಾತಾಡುತ್ತಿದೆ. ಬರೆದವನೊಬ್ಬ, ಕಂಡರಿಸಿದವನಿನ್ನೊಬ್ಬ ಎಂದು ಇಬ್ಬರ ಹೆಸರನ್ನೂ ಹೇಳುವ ಶಾಸನಗಳು ನಮ್ಮ ನಾಡಿನಲ್ಲುಂಟು.

ಈಗ ಕಂಡರಿಸುವ ಕೆಲಸಕ್ಕೆ ಗಣಕವು ನಡೆಸುವ ಯಂತ್ರ ಬಂದಿದೆ. ಜನರು ಅದನ್ನು ಸಿ.ಎನ್.ಸಿ. ಎನ್ನುತ್ತಾರೆ. ಈ ಯಂತ್ರಕ್ಕೆ ಅಕ್ಷರ ತಿಳಿಯದು, ದಾರಿ ಮಾತ್ರ ತಿಳಿಯುವುದು. ‘ಜಿ ಸೊನ್ನೆ’ ಎಂದರೆ ಕೊರೆಯದೆ ಬೇಗನೆ ಓಡು. ‘ಜಿ ಒಂದು’ ಎಂದರೆ ಕೊರೆಯುತ್ತ ನೆಟ್ಟಗೆ ಸಾಗು. ‘ಜಿ ಎರಡು’, ‘ಜಿ ಮೂರು’ ಎಂದರೆ ಬಲಕ್ಕೋ ಎಡಕ್ಕೋ ಬಳಸಿ ಸಾಗು. ದುಂಡಗಿನ ನಮ್ಮ ಅಕ್ಷರಗಳಿಗೆ ಈ ಬಳಸುದಾರಿಯೇ ಹೆಚ್ಚು. ಒತ್ತಕ್ಷರ ಬಂದಾಗ ಉಳಿಯನ್ನು ಮೇಲಕ್ಕೆತ್ತಿ, ಇನ್ನೊಂದೆಡೆ ಇಳಿಸಬೇಕು. ಹೀಗೆ ಎತ್ತಿ ಇಳಿಸುವ, ಬರಿದೆ ಓಡುವ ಹೊತ್ತನ್ನು ಉಳಿಸುವುದೇ ಈ ಕಸುಬಿನ ಜಾಣತನ. ಒಂದು ಸಾಲು ಮುಗಿದ ಮೇಲೆ ಮತ್ತೆ ಎಡಕ್ಕೆ ಓಡುವುದೇಕೆ? ಹೊಲದಲ್ಲಿ ಎತ್ತು ತಿರುಗಿದಂತೆ ಮುಂದಿನ ಸಾಲನ್ನು ಬಲದಿಂದಲೇ ಕೊರೆದರಾಯಿತು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕನ ಶಾಸನದಲ್ಲಿ ಕೆಲವು ಸಾಲುಗಳು ಹೀಗೆಯೇ ಬಲದಿಂದ ಎಡಕ್ಕೆ ಓಡುತ್ತವೆ. ಅಲ್ಲಿ ಓದುವವನೂ ತಿರುಗಬೇಕು. ಯಂತ್ರದ ಕೆಲಸದಲ್ಲಿ ತಿರುಗುವುದು ಉಳಿ ಮಾತ್ರ, ಓದು ನೆಟ್ಟಗೇ ಇರುತ್ತದೆ.

ಇಷ್ಟೇ ಆಗಿದ್ದರೆ ನಾನು ಈ ಮಾತು ಎತ್ತುತ್ತಿರಲಿಲ್ಲ. ನಮ್ಮ ಶಾಲೆಯ ವಾಚನಾಲಯಕ್ಕೆ ದಾನಿಗಳ ಹೆಸರಿನ ಸಾಗುವಾನಿ ಹಲಗೆಯನ್ನು ಮಾಡಿಸಿದೆವು. ಸವಣೂರು ಕಡೆಯ ಎಲೆತೋಟದ ಹಿರಿಯರೊಬ್ಬರು ತೀರಿಕೊಂಡ ಮಗನ ನೆನಪಿಗೆ ಹಣ ಕೊಟ್ಟಿದ್ದರು. ಹಲಗೆ ಏರಿದ ದಿನ ಅವರು ಬಂದು ಬೆರಳಿನಿಂದ ಅಕ್ಷರಗಳನ್ನು ಸವರುತ್ತ ನಿಂತರು. ಮಗನ ಹೆಸರಿನ ಕೊನೆಗೆ ‘ಧರ’ ಎಂದಿರಬೇಕು. ಧಕಾರದ ಸೀಳು ಇರಲಿಲ್ಲ. “ಮಾಸ್ತರ, ನನ್ನ ಮಗಗ ದರಾ ಕಟ್ಟೀರೇನ್ರಿ?” ಎಂದರು. ಸಿಟ್ಟಿನಿಂದಲ್ಲ, ಮೆಲ್ಲಗೆ. ನನಗೆ ನೆಲ ನೋಡುವಂತಾಯಿತು. ಕರಡನ್ನು ತಿದ್ದಿದವನು ನಾನೇ. ಕಾಗದದ ಮೇಲೆ ಸೀಳು ಇತ್ತು.

ಕೊರೆದ ಅಂಗಡಿಯ ಹುಡುಗ ತೆರೆಯ ಮೇಲೆ ಉಳಿಯ ದಾರಿಯನ್ನೇ ತೋರಿಸಿದ. ಉಳಿಯ ದಪ್ಪ 3 ಮಿಲಿಮೀಟರು. ಸೀಳಿನ ಗೆರೆ 2 ಮಿಲಿಮೀಟರು. ಉಳಿ ಹೊಗದ ಇಕ್ಕಟ್ಟನ್ನು ಯಂತ್ರ ಹೇಳದೆಯೇ ಬಿಟ್ಟುಬಿಡುತ್ತದೆ. ಒಂದೇ ದಪ್ಪ ಉಳಿಯಿಂದ ಬೇಗ ಮುಗಿಯಲೆಂದು ಅವನು ಆರಿಸಿದ್ದ ದಾರಿಯಲ್ಲಿ ಮಹಾಪ್ರಾಣವೇ ಹಾರಿಹೋಗಿತ್ತು! ಉಪಾಯವೂ ಅವನಿಗೆ ಗೊತ್ತಿತ್ತು. ಮೊದಲು ದಪ್ಪ ಉಳಿ. ಅದು ಬಿಟ್ಟ ಇಕ್ಕಟ್ಟುಗಳಿಗಷ್ಟೇ ಚೂಪು ಮೊನೆಯ ಉಳಿ. ಅದೇ ಹಲಗೆಯ ಮೇಲೆ ಸೀಳನ್ನು ಕೊರೆದುಕೊಟ್ಟ. ಕೆಲವೇ ನಿಮಿಷಗಳ ಕೆಲಸ.

ಆದುದರಿಂದ ಮನೆಯ ಹೆಸರನ್ನೋ ಹಿರಿಯರ ನೆನಪಿನ ಕಲ್ಲನ್ನೋ ಮಾಡಿಸುವಾಗ ಕರಡನ್ನು ಓದಿ ಸುಮ್ಮನಾಗಬೇಡಿರಿ. ಉಳಿ ನಡೆಯುವ ದಾರಿಯನ್ನು ತೆರೆಯ ಮೇಲೆ ತೋರಿಸೆನ್ನಿರಿ. ಧ, ಢ, ಭ, ಫಗಳ ಸೀಳನ್ನೂ ಥಕಾರದ ಹೊಟ್ಟೆಯ ಚುಕ್ಕೆಯನ್ನೂ ಬೆರಳಿಟ್ಟು ನೋಡಿರಿ. ಹತ್ತಿರದ ದಾರಿ ಒಳ್ಳೆಯದೇ. ಆದರೆ ಅಕ್ಷರವನ್ನು ಮುಟ್ಟದೆ ಹೋಗುವ ದಾರಿ ಎಷ್ಟು ಹತ್ತಿರವಾದರೇನು?

ಆ ಹಿರಿಯರು ಮತ್ತೆ ಬಂದರು. ಬೆರಳು ಧಕಾರದ ಸೀಳಿನಲ್ಲಿ ಇಳಿದು ನಿಂತಿತು. “ಈಗ ಬಂದ ನೋಡ್ರಿ” ಎಂದರು.